ಮಾಧವಿಯ ಒಪ್ಪಿಗೆ

ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಗಾಲವನ ಉಪಾಖ್ಯಾನವನ್ನು ವಾಚಕರು ಪುರಾಣಪ್ರವಚನಗಳಲ್ಲಿ ಕೇಳಿರಬಹುದು. ಹಠದಿಂದಾಗುವ ಕೇಡನ್ನು ದುರ್ಯೋಧನನಿಗೆ ಮನಗಾಣಿಸಲು ನಾರದರು ಹೇಳುವ ಕಥೆಯಿದು. ಗುರು ವಿಶ್ವಾಮಿತ್ರರು ಬೇಡವೆಂದರೂ ದಕ್ಷಿಣೆ ಕೊಟ್ಟೇ ತೀರುವೆನೆಂದು ಗಾಲವನು ಪಟ್ಟುಹಿಡಿಯುತ್ತಾನೆ. ಬೇಸತ್ತ ಗುರುಗಳು ಒಂದು ಕಿವಿ ಮಾತ್ರ ಕಪ್ಪಾದ 800 ಬಿಳಿಯ ಕುದುರೆಗಳನ್ನು ಕೇಳುತ್ತಾರೆ. ಅಂಥ ಕುದುರೆಗಳಿಲ್ಲದ ಯಯಾತಿ ಮಹಾರಾಜನು ತನ್ನ ಮಗಳು ಮಾಧವಿಯನ್ನೇ ಗಾಲವನಿಗೆ ಒಪ್ಪಿಸಿಬಿಡುತ್ತಾನೆ. ಅಯೋಧ್ಯೆಯ ಹರ್ಯಶ್ವ, ಕಾಶಿಯ ದಿವೋದಾಸ, ಭೋಜನಗರದ ಉಶೀನರ ಇವರು ತಲಾ 200 ಕುದುರೆ ಕೊಟ್ಟು ಆಕೆಯಿಂದ ತಲಾ ಒಬ್ಬ ಮಗನನ್ನು ಪಡೆಯುತ್ತಾರೆ. ಉಳಿದ 200ರ ಬದಲಿಗೆ ಸ್ವತಃ ವಿಶ್ವಾಮಿತ್ರರೇ ಆಕೆಯನ್ನು ಸ್ವೀಕರಿಸುತ್ತಾರೆ.

ಕಥೆಯು ಗಾಲವನ ಹಠವನ್ನು ತಪ್ಪೆಂದು ಎತ್ತಿ ತೋರುತ್ತದೆ. ಮಾಧವಿ ಕಳೆದುಕೊಂಡುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ತ್ರೀವಾದವು ಪಶ್ಚಿಮದಿಂದ ಬಂದ ಸರಕೆಂದು ಹಗುರವಾಗಿ ಮಾತನಾಡುವವರು ಇಲ್ಲಿ ತುಸು ನಿಲ್ಲಬೇಕು. ತಾಯಾಗುವುದು ಯಾರ ಇಚ್ಛೆಯಿಂದ ಎಂಬ ಪ್ರಶ್ನೆ ನಮ್ಮ ಮನೆಯ ಗ್ರಂಥದಲ್ಲಿಯೇ ಉತ್ತರ ಸಿಗದೆ ಉಳಿದಿದೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಕನ್ನಡದಲ್ಲಿ 'ಮಾಧವಿ' ಕಾದಂಬರಿಯನ್ನೂ, ಭೀಷ್ಮ ಸಾಹನಿಯವರು ಹಿಂದಿಯಲ್ಲಿ ಅದೇ ಹೆಸರಿನ ನಾಟಕವನ್ನೂ ಬರೆದುದು ಅಕಾರಣವಲ್ಲ.

ಆಕ್ಷೇಪವೊಂದುಂಟು. ಹರ್ಯಶ್ವನಲ್ಲಿ 200 ಕುದುರೆಗಳು ಮಾತ್ರ ಇವೆಯೆಂದು ಗಾಲವನು ಕಂಗೆಟ್ಟಾಗ, ಪ್ರತಿ ಹೆರಿಗೆಯ ಬಳಿಕವೂ ಕನ್ಯೆಯಾಗುವ ವರ ತನಗುಂಟೆಂದೂ, ನಾಲ್ವರು ಅರಸರಿಗೆ ತನ್ನನ್ನು ಕೊಟ್ಟರೆ ಲೆಕ್ಕ ತುಂಬುವುದೆಂದೂ ಹೇಳುವವಳು ಮಾಧವಿಯೇ. ಆಕೆಯೇ ಒಪ್ಪಿದಳಲ್ಲವೇ ಎಂದು ಪಂಡಿತರು ಕೇಳುತ್ತಾರೆ. ವಾಚಕರೇ, ಘಟನೆಗಳ ಕ್ರಮವನ್ನು ನೋಡಿರಿ. ತಂದೆಯು ದಾನವಾಗಿ ಕೊಟ್ಟಾದ ಮೇಲೆ ಬಂದ ಮಾತದು. ಒಲ್ಲೆನೆಂದರೆ ಹಿಂದಿರುಗಲು ಆಕೆಗೆ ಮನೆಯಿರಲಿಲ್ಲ. ಆ ವರವಾದರೂ ಎಂಥದು! ಅದರ ಉಪಕಾರವೆಲ್ಲ ಮುಂದಿನ ಅರಸನಿಗೆ. ತೊಟ್ಟಿಲಲ್ಲಿ ಬಿಟ್ಟುಬಂದ ಕೂಸಿನ ನೆನಪನ್ನು ಅಳಿಸುವ ವರವನ್ನು ಯಾವ ಋಷಿಯೂ ಕೊಟ್ಟಂತಿಲ್ಲ.

ಕೊನೆಗೆ ಯಯಾತಿಯು ಸ್ವಯಂವರ ಏರ್ಪಡಿಸಿದಾಗ ಆಕೆ ನೆರೆದವರನ್ನೆಲ್ಲ ದಾಟಿ ವನವನ್ನೇ ವರಿಸುತ್ತಾಳೆ. ಇದನ್ನು ಸ್ತ್ರೀಸ್ವಾತಂತ್ರ್ಯದ ವಿಜಯವೆಂದು ಕೊಂಡಾಡುವ ವಿಮರ್ಶೆಯನ್ನೂ ನಾವು ಪೂರ್ಣವಾಗಿ ಒಪ್ಪಲಾರೆವು. ಸನ್ಯಾಸಿಗಳಾದ ನಮಗೆ ವನವು ಹಿರಿದೇ ಸರಿ. ಆದರೆ ಸಂಸಾರವೂ ಬೇಕು, ಸ್ವಂತ ಬಾಳೂ ಬೇಕು ಎನ್ನುವವಳಿಗೆ ವನವೊಂದೇ ದಾರಿಯಾಗಿ ಉಳಿದರೆ ಅದನ್ನು ವಿಜಯವೆನ್ನಲಾದೀತೇ?

ಇಂದು ಕೂಸಿಗಾಗಿ ಕೆಲಸ ತೊರೆದವಳ ವಿಷಯದಲ್ಲಿಯೂ 'ಅದು ಅವಳದೇ ಇಚ್ಛೆ' ಎಂಬ ಮಾತು ಕೇಳಿಬರುತ್ತದೆ. ಮನಸಾರೆ ಹಾಗೆ ಮಾಡಿದವಳನ್ನು ಹಿಂದುಳಿದವಳೆಂದು ಹಳಿಯುವುದು ಸಲ್ಲದು. ಮಕ್ಕಳೇ ಬೇಡವೆಂದವಳನ್ನು ಶಪಿಸುವುದೂ ಸಲ್ಲದು. ಆದರೆ ಉಳಿದವರ ಇಚ್ಛೆಯನ್ನು ಪರೀಕ್ಷಿಸಿಯೇ ನಂಬಬೇಕು. ಕಾಯ್ದೆಯೇನೋ ಕಣ್ಣು ತೆರೆದಿದೆ. 2021ರ ಕಾಯ್ದೆ ಹಣಕ್ಕಾಗಿ ಬಾಡಿಗೆ ಬಸಿರನ್ನು ನಿಷೇಧಿಸಿತು. ಹರ್ಯಶ್ವನ ವ್ಯವಹಾರ ಈಗ ಅಪರಾಧ. 2017ರ ತಿದ್ದುಪಡಿಯು ಮೊದಲೆರಡು ಹೆರಿಗೆಗಳ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುಪಾಲನಾ ಗೃಹವನ್ನು ಕಡ್ಡಾಯಗೊಳಿಸಿತು. ಆದರೆ ಕೇಂದ್ರ ಸರಕಾರದ ನೌಕರಳಿಗೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯಿದ್ದರೆ, ಪತ್ನಿಯ ಹೆರಿಗೆಗೆಂದು ನೌಕರನಿಗಿರುವುದು 15 ದಿನ. ಕೂಸು ತಾಯಿಯೊಬ್ಬಳ ಹೊಣೆಯೆಂದು ನಿಯಮವೇ ನಂಬಿದಂತಿದೆ.

ಸಂಬಂಧ ಕೂಡಿಸಲು ಮಠಕ್ಕೆ ಬರುವ ಭಕ್ತರು ಕನ್ಯೆಯ ಓದು, ಸಂಬಳಗಳನ್ನು ತಪ್ಪದೆ ವಿಚಾರಿಸುತ್ತಾರೆ. ಕೂಸು ಹುಟ್ಟಿದ ಮೇಲೆ ಹಗಲು ಹೊತ್ತು ಅದನ್ನು ಯಾರು ನೋಡಿಕೊಳ್ಳುವರೆಂದು ವರನನ್ನು ಕೇಳಿದವರನ್ನು ನಾವಿನ್ನೂ ಕಂಡಿಲ್ಲ.