ಚಾವಣಿಯಿಂದ ಇಳಿಯುವ ದನಿ

ವಸ್ತುಸಂಗ್ರಹಾಲಯವು ಬಹುಕಾಲ ಕಣ್ಣಿನ ಶಾಲೆಯಾಗಿಯೇ ಇದ್ದಿತು. ಕಾವಲುಗಾರನ ಬೂಟಿನ ಸಪ್ಪಳ, ಮಕ್ಕಳ ಗುಂಪನ್ನು ಗದರಿಸುವ ಉಪಾಧ್ಯಾಯರ ಕಂಠ, ಇವಿಷ್ಟೇ ಅಲ್ಲಿ ಕಿವಿಗೆ ದೊರೆಯುತ್ತಿದ್ದ ಸಾಮಗ್ರಿ. 1952ರಲ್ಲಿ ಆಮ್ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಸಂಗ್ರಹಾಲಯವು ಪ್ರೇಕ್ಷಕರ ಕೈಗೆ ಸಣ್ಣದೊಂದು ಗ್ರಾಹಕಯಂತ್ರವನ್ನು ಕೊಟ್ಟು, ರೇಡಿಯೋ ಮೂಲಕ ವಿವರಣೆಯನ್ನು ಕೇಳಿಸತೊಡಗಿದಾಗ ಈ ಪದ್ಧತಿ ಮೊದಲ ಬಾರಿಗೆ ಮುರಿಯಿತು. ಒಂದೇ ಮುದ್ರಿತ ವಿವರಣೆ ಎಲ್ಲರಿಗೂ ಏಕಕಾಲದಲ್ಲಿ ಕೇಳಿಸುತ್ತಿದ್ದುದರಿಂದ ಗುಂಪಿಗೆ ಗುಂಪೇ ಚಿತ್ರದಿಂದ ಚಿತ್ರಕ್ಕೆ ಸರಿಯಬೇಕಾಗಿದ್ದಿತು. ಮುಂದೆ ಯಂತ್ರಗಳು ಸುಧಾರಿಸಿ, ಒಬ್ಬೊಬ್ಬನೂ ತನಗೆ ಬೇಕಾದ ಅಂಕಿಯನ್ನು ಒತ್ತಿ ತನ್ನಷ್ಟಕ್ಕೆ ಕೇಳುವ ಅನುಕೂಲ ಒದಗಿತು. 2020ರ ಮಹಾಮಾರಿಯ ಕಾಲದಲ್ಲಿ ಮಾತ್ರ, ನೂರು ಜನರ ಕೈಗೂ ಕಿವಿಗೂ ತಗುಲುವ ಈ ಉಪಕರಣವೇ ಭಯಕ್ಕೆ ಕಾರಣವಾಯಿತು. ಮುಟ್ಟದೆ ಕೇಳುವ ಉಪಾಯವೊಂದು ಬೇಕಾದಾಗ, ಅದಾಗಲೇ ಸಿದ್ಧವಾಗಿದ್ದ ಒಂದು ವಿದ್ಯೆಯ ಕಡೆಗೆ ಸಂಗ್ರಹಾಲಯಗಳ ದೃಷ್ಟಿ ಹೆಚ್ಚಾಗಿ ಹರಿಯಿತು. ಒಂದೇ ದಿಕ್ಕಿಗೆ ಶಬ್ದವನ್ನು ಕಳುಹಿಸುವ ಧ್ವನಿಪುಂಜದ ವಿದ್ಯೆ ಅದು.

ಇದರ ತತ್ತ್ವ ಕುತೂಹಲಕರವಾದುದು. ಶಬ್ದ ಹೊರಡುವ ಫಲಕವು ಅಲೆಯ ಉದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದಾಗ ಮಾತ್ರ ಶಬ್ದವು ಚದುರದೆ ನೆಟ್ಟಗೆ ಸಾಗುತ್ತದೆ. ಮಾತಿನಲ್ಲಿ ಬರುವ, ಸೆಕೆಂಡಿಗೆ 500 ಕಂಪನಗಳ ಸ್ವರದ ಅಲೆ ಸುಮಾರು 68 ಸೆಂಟಿಮೀಟರ್ ಉದ್ದ. ಅದನ್ನು ಹಗ್ಗದಂತೆ ನೇರವಾಗಿ ಕಳುಹಿಸಬೇಕಾದರೆ ಕೋಣೆಯ ಗೋಡೆಯಷ್ಟು ದೊಡ್ಡ ಧ್ವನಿವರ್ಧಕ ಬೇಕಾದೀತು. ಆದರೆ ಸೆಕೆಂಡಿಗೆ 40,000 ಕಂಪನಗಳುಳ್ಳ ಶ್ರವಣಾತೀತ ಶಬ್ದದ ಅಲೆ ಒಂದು ಸೆಂಟಿಮೀಟರನ್ನೂ ಮುಟ್ಟದು. ಅಂಗೈ ಅಗಲದ ಕೆಲವು ಫಲಕಗಳಿಂದಲೇ ಅದನ್ನು ದೀಪದ ಕಿರಣದಂತೆ ಹಾಯಿಸಬಹುದು. ಈ ಮೂಕ ಅಲೆಯ ಮೇಲೆ ಮಾತನ್ನು ಹೊರಿಸಿ ಕಳುಹಿಸಿದರೆ ಗಾಳಿಯೇ ದಾರಿಯಲ್ಲಿ ಆ ಹೊರೆಯನ್ನು ಇಳಿಸುತ್ತದೆ. ಪ್ರಬಲವಾದ ಅಲೆ ಹಾಯುವಾಗ ಗಾಳಿ ಅದನ್ನು ಇದ್ದಂತೆಯೇ ಒಯ್ಯದೆ ಕಿಂಚಿತ್ತು ವಿರೂಪಗೊಳಿಸುವುದುಂಟು. ಆ ವಿರೂಪದಿಂದಲೇ ಇಲ್ಲಿ ಮಾತು ಹುಟ್ಟುತ್ತದೆ. 1963ರಲ್ಲಿ ಪೀಟರ್ ವೆಸ್ಟರ್‌ವೆಲ್ಟ್ ಇದರ ಗಣಿತವನ್ನು ನಿರೂಪಿಸಿದರು. 1983ರಲ್ಲಿ ಜಪಾನಿನ ಯೋನೆಯಾಮಾ ಮತ್ತು ಸಂಗಡಿಗರು ಗಾಳಿಯಲ್ಲಿ ಅದನ್ನು ಧ್ವನಿವರ್ಧಕವಾಗಿ ಮಾಡಿ ತೋರಿಸಿದರು. 1990ರ ದಶಕದ ಕೊನೆಗೆ ಅಮೆರಿಕದ ಜೋಸೆಫ್ ಪಾಂಪೇ ಅದನ್ನು ಬಳಕೆಗೆ ಒದಗುವ ಯಂತ್ರವಾಗಿ ಹದಗೊಳಿಸಿದರು. ಚಾವಣಿಯಲ್ಲಿ ಫಲಕವನ್ನು ತೂಗಿಬಿಟ್ಟರೆ ಅದರ ಕೆಳಗೆ ನಿಂತವನಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದವನಿಗೆ ಬಹುಮಟ್ಟಿಗೆ ನಿಶ್ಶಬ್ದ.

ಶಬ್ದಕ್ಕೆ ದಾರಿ ತೋರಿಸುವ ಈ ಸಾಹಸವು ಕನ್ನಡ ನಾಡಿಗೆ ಅಪರಿಚಿತವಲ್ಲ. ವಿಜಾಪುರದ ಗೋಳಗುಮ್ಮಟದೊಳಗೆ, ಸುಮಾರು 38 ಮೀಟರ್ ಅಗಲದ ಗುಮ್ಮಟದ ಒಂದು ಅಂಚಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದುದು ಎದುರಂಚಿನಲ್ಲಿ ಕಿವಿಗೊಟ್ಟವನಿಗೆ ಕೇಳುತ್ತದೆ. ಲಂಡನ್ನಿನ ಸಂತ ಪಾಲರ ದೇವಾಲಯದಲ್ಲಿ ಇದೇ ಬಗೆಯ ವಿಚಿತ್ರವನ್ನು ಸಿ. ವಿ. ರಾಮನ್ನರು 1921ರಲ್ಲಿ ಪರೀಕ್ಷಿಸಿದ್ದರು. ಆದರೆ ಗೋಳಗುಮ್ಮಟಕ್ಕೆ ಹೋದವರಲ್ಲಿ ಪಿಸುಗುಟ್ಟುವವರು ವಿರಳ, ಕೂಗುವವರೇ ಬಹಳ. ಒಂದು ಕೂಗು ಹಲವು ಸಲ ಮರಳಿ ಬರುವ ಗದ್ದಲದಲ್ಲಿ ಪಿಸುಮಾತಿನ ಸೊಗಸು ಯಾರಿಗೂ ದಕ್ಕುವುದಿಲ್ಲ. ಹೊಸ ಯಂತ್ರದ ಗುಣದೋಷಗಳನ್ನು ಅಳೆಯುವುದಕ್ಕೆ ಈ ದೃಷ್ಟಾಂತ ಸಾಕಷ್ಟು ನೆರವಾಗುತ್ತದೆ. ಧ್ವನಿಪುಂಜದ ಬೆಲೆ ಇರುವುದು ಅದು ತರುವ ಮಾತಿಗಿಂತ ಮಿಗಿಲಾಗಿ, ಆ ಮಾತಿನ ಸುತ್ತ ಅದು ಉಳಿಸಿಕೊಡುವ ಮೌನದಲ್ಲಿ. ಇದನ್ನು ಅರಿಯದೆ ಒಂದೇ ಕೋಣೆಯಲ್ಲಿ ಹತ್ತು ಫಲಕಗಳನ್ನು ತೂಗಿಬಿಟ್ಟರೆ, ಗಾಜಿನ ಪೆಟ್ಟಿಗೆಗಳಿಗೂ ನುಣುಪಾದ ನೆಲಕ್ಕೂ ಬಡಿದ ಪುಂಜಗಳು ಪ್ರತಿಫಲಿಸಿ ಎಲ್ಲೆಂದರಲ್ಲಿ ಮಾತಿನ ಚೂರುಗಳು ಹಾರಾಡುತ್ತವೆ.

ಎರಡನೆಯ ದೋಷ ಯಂತ್ರದ ಸ್ವಭಾವಕ್ಕೇ ಅಂಟಿದುದು. ಗಾಳಿ ಇಳಿಸಿಕೊಡುವ ಶಬ್ದದಲ್ಲಿ ತಗ್ಗಿನ ಸ್ವರಗಳು ತೀರ ಕ್ಷೀಣ. ಮಾತಿಗಾದರೆ ಇದು ಅಷ್ಟು ಬಾಧಕವಲ್ಲ; ಗಂಡುಕಂಠ ತುಸು ತೆಳುವಾದೀತು, ಅರ್ಥ ಕೆಡದು. ವಾದ್ಯಕ್ಕಾದರೆ ಮಾತು ಬೇರೆ. ಡೊಳ್ಳಿನ ಎದೆ ನಡುಗಿಸುವ ಪೆಟ್ಟು, ಮೃದಂಗದ ತೊಪ್ಪಿಯ ಗುಂಕಾರ ಇವು ಆ ಪುಂಜದಲ್ಲಿ ಬಡಕಲಾಗಿ ಬರುತ್ತವೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯೇ ಇಂದು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಹಳೆಯ ನಗಾರಿಯ ನಾದವನ್ನು ಪ್ರೇಕ್ಷಕರಿಗೆ ಕೇಳಿಸಬೇಕೆಂದು ಯಾರಾದರೂ ಬಯಸಿದರೆ, ಈ ನೂತನ ಯಂತ್ರವು ಆ ಕೆಲಸಕ್ಕೆ ಎಲ್ಲಕ್ಕಿಂತ ಅನರ್ಹವಾದುದು. ಸಾಮಾನ್ಯವಾದ ದೊಡ್ಡ ಧ್ವನಿವರ್ಧಕವೇ ಲೇಸು.

ವೃದ್ಧರ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಯಂತ್ರ ಕಳೆದುಕೊಳ್ಳುವುದು ತಗ್ಗಿನವನ್ನು. ಇವೆರಡರ ನಡುವೆ ಉಳಿಯುವುದು ಅಲ್ಪ. ಸಂಗ್ರಹಾಲಯಗಳಿಗೆ ಬಿಡುವಾಗಿ ಬಂದು ತಾಳ್ಮೆಯಿಂದ ನಿಲ್ಲುವವರು ಬಹುತೇಕ ನಿವೃತ್ತರೇ ಆಗಿರುವಾಗ, ಅವರನ್ನು ಮರೆತ ಏರ್ಪಾಡನ್ನು ಸುಧಾರಣೆಯೆಂದು ಕರೆಯುವುದು ಹೇಗೆ? ಅಚ್ಚಾದ ಮಾತಿನ ಪಾಠವೊಂದು ಪಕ್ಕದಲ್ಲಿದ್ದರೆ ಈ ಕೊರತೆ ಅರ್ಧ ನೀಗುತ್ತದೆ.

ಇನ್ನು, ಕೇಳುವವನ ಸಮ್ಮತಿಯ ಪ್ರಶ್ನೆ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಬೇಕಾದವನು ತೆಗೆದುಕೊಳ್ಳುತ್ತಿದ್ದ, ಬೇಡದವನು ಬಿಡುತ್ತಿದ್ದ. ಚಾವಣಿಯ ದನಿಯಾದರೋ ಕೇಳದೆಯೇ ತಲೆಯ ಮೇಲೆ ಬೀಳುತ್ತದೆ. 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ, ದೂರದರ್ಶನದ ಪ್ರೇತಕಥೆಗಳ ಕಾರ್ಯಕ್ರಮವೊಂದರ ಜಾಹೀರಾತು ಫಲಕವು ಇದೇ ಯಂತ್ರದಿಂದ ದಾರಿಹೋಕರ ಕಿವಿಯಲ್ಲಿ ಪಿಸುಗುಟ್ಟಿತು. ತನ್ನ ತಲೆಯೊಳಗೇ ಯಾರೋ ನುಡಿದರೆಂಬ ಭ್ರಮೆ ಹುಟ್ಟಿಸುವುದೇ ಅದರ ಉದ್ದೇಶ. ವಿಗ್ರಹದ ಮುಂದೆ ಸುಮ್ಮನೆ ನಿಲ್ಲಬಂದವನಿಗೆ ಸಂಗ್ರಹಾಲಯವು ಇದೇ ಉಪಚಾರವನ್ನು ಮಾಡತಕ್ಕದ್ದಲ್ಲ. ಇದಕ್ಕೆ ಪ್ರತಿಯಾದ ಉದಾಹರಣೆ ಜಾನೆಟ್ ಕಾರ್ಡಿಫ್ ಅವರ 2001ರ ಕಲಾಕೃತಿ. ಹದಿನಾರನೆಯ ಶತಮಾನದ ಟಾಲಿಸನ 40 ಕಂಠಗಳ ಗಾನವನ್ನು ಅವರು 40 ಧ್ವನಿವರ್ಧಕಗಳಿಗೆ ಹಂಚಿ ಮಂಡಲಾಕಾರವಾಗಿ ನಿಲ್ಲಿಸಿದರು. ಯಾವುದಾದರೊಂದರ ಬಳಿ ಸಾರಿದವನಿಗೆ ಒಂದು ಕಂಠ, ನಡುವೆ ನಿಂತವನಿಗೆ ಸಮಗ್ರ ಗಾನ. ಅಲ್ಲಿ ಯಂತ್ರ ತೀರ ಸಾಧಾರಣ. ಆದರೆ ಹತ್ತಿರ ಹೋಗುವುದೂ ದೂರ ಸರಿಯುವುದೂ ಶ್ರೋತೃವಿನ ಕೈಯಲ್ಲಿದೆ. ಗಂಡಹೆಂಡಿರು, ತಾಯಿಮಕ್ಕಳು ಒಟ್ಟಿಗೆ ಕೇಳಬಲ್ಲರು. ಒಬ್ಬನೇ ನಿಲ್ಲುವಷ್ಟು ಇಕ್ಕಟ್ಟಾದ ಪುಂಜದಲ್ಲಿ ಮಗುವನ್ನು ಎತ್ತಿಕೊಳ್ಳದ ಹೊರತು ಈ ಭಾಗ್ಯವಿಲ್ಲ.

ಇಷ್ಟಾದರೂ ಈ ವಿದ್ಯೆಯನ್ನು ತಳ್ಳಿಹಾಕಲಾಗದ ಒಂದು ಕಾರಣವುಂಟು. ಹೊರನಾಡ ಕನ್ನಡಿಗರಿಗೆ ಅದು ಮುಖ್ಯವಾದುದು. ಐಹೊಳೆಯ ದೇವಾಲಯವೊಂದರ ಚಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪ ಇಂದು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದ ಸೊತ್ತು. ತಲೆಯೆತ್ತಿ ನೋಡಬೇಕಾಗಿದ್ದುದನ್ನು ಈಗ ಎದುರು ನಿಂತು ನೋಡುವಂತಾಗಿದೆ. ಅದು ಹುಟ್ಟಿದ ನೆಲದ ಮಾತನ್ನು ಅದರ ಪಕ್ಕದಲ್ಲಿ ಕೇಳಬೇಕೆಂಬ ಆಸೆ ಅತಿಯಾದುದಲ್ಲ. ಆದರೆ ಇಂಥ ನಗರಗಳಲ್ಲಿ ವಿವರಣೆಯ ಹಲಗೆಯ ಮೇಲೆ ಮೂರು ಭಾಷೆ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ನಾಲ್ಕನೆಯದಾಗಿ ಹೊರಗುಳಿಯುವುದು ಕನ್ನಡವೋ ತೆಲುಗೋ ಆಗಿರುತ್ತದೆ. ಧ್ವನಿಪುಂಜಕ್ಕೆ ಹಲಗೆಯ ಇಕ್ಕಟ್ಟಿಲ್ಲ. ನೆಲದ ಮೇಲೊಂದು ಗುರುತು ಹಾಕಿ, ಅದರ ಮೇಲೆ ನಿಂತವನಿಗೆ ಮಾತ್ರ ಕನ್ನಡ ಕೇಳಿಸಿದರೆ, ಪಕ್ಕದ ಮರಾಠಿಗನ ನೋಟಕ್ಕೆ ಅದರಿಂದ ಯಾವ ಭಂಗವೂ ಇಲ್ಲ.

ಆ ಗುರುತು ಎಲ್ಲಿ ಬೀಳುತ್ತದೆಂಬುದೇ ಇಲ್ಲಿ ನಿಜವಾದ ವಿವಾದದ ಅಂಶ. ಎದುರಿನ ಜಾಗ ಇಂಗ್ಲಿಷಿಗೆ ಸಂದು, ಕನ್ನಡಕ್ಕೆ ಕಂಬದ ಮರೆಯ ಮೂಲೆ ದೊರೆತರೆ, ಮಾತು ಕೇಳುವವನಿಗೆ ಮೂರ್ತಿ ಕಾಣದು, ಮೂರ್ತಿ ನೋಡುವವನಿಗೆ ಮಾತು ಕೇಳದು. ಒಂದೇ ಜಾಗದಲ್ಲಿ ಕೈಬೀಸಿ ಭಾಷೆಯನ್ನು ಆರಿಸುವ ಏರ್ಪಾಡು ಇದಕ್ಕಿಂತ ನ್ಯಾಯವಾದುದು. ಕೇಳಲಾರೆ ಎನ್ನುವವನಿಗೂ ಅದರಲ್ಲಿ ಅವಕಾಶವುಂಟು. ಕನ್ನಡ ಸಂಘಗಳು ಹಣ ಕೂಡಿಸಿ ಯಂತ್ರವನ್ನು ದಾನ ಕೊಡುವುದಕ್ಕೆ ಮುಂಚೆ ಮಾತನಾಡಬೇಕಾದುದು ಈ ಜಾಗದ ವಿಷಯವನ್ನು. ಅನಂತರ ಪಾಠ. ಇಂಗ್ಲಿಷಿನ ಹಲಗೆಯನ್ನು ಕನ್ನಡಿಸಿ ಓದಿಸಿದರೆ ಆಗುವುದಿಲ್ಲ. ನಿಂತವನ ಕಾಲು ಸೋಲುವ ಮುನ್ನ, ಒಂದೂವರೆ ನಿಮಿಷದೊಳಗೆ, ಐಹೊಳೆಯನ್ನು ಬಲ್ಲವರು ಆ ಕಲ್ಲನ್ನು ನೋಡುತ್ತ ಆಡಬಹುದಾದ ಮಾತು ಅದಾಗಿರಬೇಕು. ಆ ಮಾತು ಮುಗಿದ ಮೇಲೆ ಅರ್ಧ ನಿಮಿಷವಾದರೂ ಅದೇ ಜಾಗದಲ್ಲಿ ಏನೂ ಕೇಳಿಸದಂತೆ ಯಂತ್ರವನ್ನು ಅಳವಡಿಸುವುದು ಕಷ್ಟದ ಕೆಲಸವೇನೂ ಅಲ್ಲ.