ಹಳೆ ಸೀರೆ, ಆರು ಹೊಲಿಗೆ

ಕ್ರೋಶಾ ಬುಟ್ಟಿಯ ಹಿಡಿಕೆಯ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಹಿಡಿಕೆ ಕಾಯಲಿ. ತಳವೇ ನೆಟ್ಟಗೆ ಕೂರದಿದ್ದರೆ ಹಿಡಿಕೆ ಕಟ್ಟಿ ಮಾಡುವುದೇನು? ಬೆಳ್ಳುಳ್ಳಿ, ಬಟ್ಟೆ ಕ್ಲಿಪ್ಪು, ಟಿ.ವಿ. ರಿಮೋಟು, ಮಕ್ಕಳ ಬಣ್ಣದ ಕಡ್ಡಿ ಹೀಗೆ ಮನೆಯಲ್ಲಿ ಜಾಗ ಸಿಗದೆ ಅಲೆಯುವುದನ್ನೆಲ್ಲ ತುಂಬಿಡಲು ಗುಂಡನೆಯ ಡಬ್ಬಿಯೊಂದನ್ನು ಹಾಕಲು ಕೂತವರು ಎಡವುವುದು ತಳದಲ್ಲೇ.

ಅದಕ್ಕೂ ಮೊದಲು ದಾರದ ಮಾತು ಮುಗಿಸುತ್ತೇನೆ. ಇದು ನನ್ನ ಹಳೆಯ ತಕರಾರು. ‘ಟೀ ಶರ್ಟ್ ಯಾರ್ನ್’ ಎಂಬ ಹೆಸರಿನ ದಪ್ಪ ಉಂಡೆಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಕೆಲವು ಗಿರಣಿಯಲ್ಲಿ ಉಳಿದ ಬಟ್ಟೆಯ ಅಂಚಿನಿಂದ ಬಂದವು, ಕೆಲವನ್ನು ಮಾರಲೆಂದೇ ಹೊಸದಾಗಿ ತಯಾರಿಸುತ್ತಾರೆ. ಬೀರುವಿನ ತುಂಬ ಬಣ್ಣ ಹೋದ ಟೀ ಶರ್ಟುಗಳನ್ನು ಇಟ್ಟುಕೊಂಡು ಈ ಉಂಡೆ ಕೊಂಡು ತಂದು ಮರುಬಳಕೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯ ಸುತ್ತ ಬಟ್ಟೆ ಪಟ್ಟಿ ಸುತ್ತಿ ಗ್ಲೂ ಗನ್ನಿನಿಂದ ಅಂಟಿಸುವ ಪಂಗಡದವರನ್ನೂ ಒಪ್ಪುವುದಿಲ್ಲ. ಡಬ್ಬಿ ನಿಲ್ಲಬೇಕಾದದ್ದು ಹೊಲಿಗೆಯ ಬಿಗಿಯಿಂದ. ಕೊಳೆಯಾದರೆ ಬಕೆಟ್ಟಿನಲ್ಲಿ ನೆನೆಹಾಕಿ ಒಗೆಯುವಂತಿರಬೇಕು, ಬೇಡವಾದ ದಿನ ಬಿಚ್ಚಿ ಮತ್ತೆ ಉಂಡೆ ಸುತ್ತುವಂತಿರಬೇಕು. ಅಂಟು ಬಿದ್ದ ಬಟ್ಟೆಗೆ ಈ ಎರಡೂ ಭಾಗ್ಯವಿಲ್ಲ.

ನನ್ನ ಆಯ್ಕೆ, ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ. ಮೊದಲು ಅಂಚನ್ನು ಕತ್ತರಿಯಿಂದ ಬೇರೆ ಮಾಡಿ. ಆಮೇಲೆ ಕತ್ತರಿ ಬೇಕಿಲ್ಲ: ಸೆರಗಿನ ತುದಿಯಲ್ಲಿ ಒಂದು ಗೀರು ಹಾಕಿ ಎಳೆದರೆ ಹಾಸಿನ ಎಳೆಯ ಗುಂಟ ತಾನಾಗಿ ನೇರವಾಗಿ ಹರಿಯುತ್ತದೆ. ಕೊನೆಗೆ ಎರಡು ಬೆರಳಿನಷ್ಟು ಉಳಿದಾಗ ನಿಲ್ಲಿಸಿ, ಆ ಕಡೆಯಿಂದ ಮುಂದಿನ ಪಟ್ಟಿ ಹರಿಯುತ್ತ ಬನ್ನಿ. ಇಡೀ ಸೀರೆ ತುಂಡಾಗದೆ ಒಂದೇ ಪಟ್ಟಿಯಾಗುತ್ತದೆ. ಐದೂವರೆ ಮೀಟರ್ ಉದ್ದ, 45 ಇಂಚು ಅಗಲದ ಸೀರೆಯನ್ನು ಇಂಚಿಂಚಿಗೆ ಹರಿದರೆ ಸಿಗುವುದು ಹೆಚ್ಚುಕಡಿಮೆ 250 ಮೀಟರ್. ಸಿಂಥೆಟಿಕ್ ಸೀರೆ ಹೀಗೆ ಹರಿಯುವುದಿಲ್ಲ, ಕೈಯಲ್ಲಿ ಜಾರುತ್ತದೆ ಕೂಡ. ಬೇರೆ ಸೀರೆಯ ಪಟ್ಟಿ ಜೋಡಿಸುವಾಗ ಗಂಟು ಬೇಡ. ಎರಡೂ ತುದಿಗಳಲ್ಲಿ ಸಣ್ಣ ಸೀಳು ಮಾಡಿ, ಒಂದರೊಳಗೆ ಇನ್ನೊಂದನ್ನು ಪೋಣಿಸಿ ಎಳೆದರೆ ಸಾಕು.

ಹಳೆ ಬಟ್ಟೆಯ ವಿದ್ಯೆ ನಮ್ಮಲ್ಲಿ ಕಡಿಮೆಯೇನಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯನ್ನು ನೋಡದವರು ಒಮ್ಮೆ ನೋಡಲೇಬೇಕು. ಹಳೆ ಸೀರೆಯನ್ನು ಬೆನ್ನಿಗೆ ಹಾಸಿ, ಅದರ ಮೇಲೆ ತುಂಡು ಬಟ್ಟೆಗಳನ್ನಿಟ್ಟು, ಹೊರ ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ‘ಫೂಲ’ ಬೀಳದೆ ಅದು ಪೂರ್ತಿಯಾದ ಹಾಗಲ್ಲ. ಮೊದಲೇ ಅಳತೆ ಗೊತ್ತಿರುವ ಕೆಲಸ ಅದು: ಕೌದಿಯ ಅಂಚು ಎಲ್ಲಿ ಮುಗಿಯಬೇಕೋ ಅಲ್ಲಿಂದಲೇ ಹೊಲಿಗೆಯ ಆರಂಭ. ಕ್ರೋಶಾ ತಳದ ದಾರಿ ಇದಕ್ಕೆ ತಿರುಗಾಮುರುಗ. ನಡುವಿನಿಂದ ಹೊರಟು ಎಷ್ಟು ದೂರ ಬೇಕಾದರೂ ಹೋಗಬಹುದು. ಆದ್ದರಿಂದಲೇ ಪ್ರತಿ ಸುತ್ತಿಗೂ ಲೆಕ್ಕ ಬೇಕು.

ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು. ಸಿಂಗಲ್ ಹೊಲಿಗೆಯ ಈ ಮಗ್ಗಿ ಎಲ್ಲರಿಗೂ ಬಾಯಿಪಾಠ. ಆರೇ ಏಕೆಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಉತ್ತರ ಶಾಲೆಯ ಗಣಿತದಲ್ಲಿದೆ. ವೃತ್ತದ ತ್ರಿಜ್ಯ ಒಂದು ಹೊಲಿಗೆಯ ಎತ್ತರದಷ್ಟು ಬೆಳೆದರೆ ಪರಿಧಿ ಅದರ 6.28 ಪಾಲು ಬೆಳೆಯುತ್ತದೆ. ಸಿಂಗಲ್ ಹೊಲಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪ್ರತಿ ಸುತ್ತಿಗೆ ಆರು ಹೊಲಿಗೆ ಏರಿಸುತ್ತೇವೆ. ಬಿಟ್ಟ 0.28 ಏಳು ಸುತ್ತಿಗೆ ಎರಡು ಹೊಲಿಗೆಯಷ್ಟು ಕೊರತೆ. ಬಟ್ಟೆಯ ಹಿಗ್ಗು ಅದನ್ನು ನುಂಗಿಕೊಳ್ಳುತ್ತದೆ. ಉದ್ದ ಕಂಬದ ಹೊಲಿಗೆ ಹಾಕುವವರು ಹನ್ನೆರಡರಿಂದ ಶುರುಮಾಡುವುದೂ ಇದೇ ಲೆಕ್ಕದಿಂದ, ಕಂಬದ ಎತ್ತರ ಸುಮಾರು ಇಮ್ಮಡಿ. ಏರಿಕೆಗಳನ್ನು ಒಂದರ ಮೇಲೊಂದು ಅದೇ ಜಾಗದಲ್ಲಿ ಹಾಕಿದರೆ ತಳ ಆರು ಮೂಲೆಯದಾಗುತ್ತದೆ, ಸುತ್ತು ಬಿಟ್ಟು ಸುತ್ತಿಗೆ ಜಾಗ ಸರಿಸಿ. ಏರಿಕೆ ಕಡಿಮೆಯಾದರೆ ತಳ ಬಟ್ಟಲಾಗಿ ಮೇಲೇಳುತ್ತದೆ, ಹೆಚ್ಚಾದರೆ ಸುಟ್ಟ ಹಪ್ಪಳದ ಅಂಚಿನಂತೆ ಅಲೆಯಾಗುತ್ತದೆ.

ಆ ಅಲೆಯನ್ನು ಬಿಚ್ಚಿ ಹಾಕುವ ಮುನ್ನ ಒಂದು ಕ್ಷಣ ನೋಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನ್ಯಾ ಬೇಕೆಂದೇ ಇದನ್ನು ಹಾಕಿದರು. ಹೀಗೆ ಅಲೆಯಾಗಿ ಬಾಗುವ ಮೇಲ್ಮೈಗಳ ಹೈಪರ್ಬೋಲಿಕ್ ಜ್ಯಾಮಿತಿ ಕಲಿಸಲು ಕಾಗದದ ಮಾದರಿಗಳಿದ್ದವು, ಆದರೆ ಅವು ಬೇಗ ಹರಿಯುತ್ತಿದ್ದವು. ಪ್ರತಿ ಇಷ್ಟು ಹೊಲಿಗೆಗೆ ಒಂದು ಏರಿಕೆ ಎಂದು ಗೊತ್ತುಮಾಡಿಕೊಂಡು, ಅದನ್ನೇ ಎಡೆಬಿಡದೆ ಮುಂದುವರಿಸಿದರೆ ಸುತ್ತು ಸುತ್ತಿಗೆ ಬಟ್ಟೆ ಅಲೆಅಲೆಯಾಗಿ ಮಡಚುತ್ತ ಹೋಗುತ್ತದೆ. ಈ ಜ್ಯಾಮಿತಿಯಲ್ಲಿ ಒಂದು ಗೆರೆಗೆ, ಅದರ ಹೊರಗಿನ ಒಂದೇ ಬಿಂದುವಿನ ಮೂಲಕ ಎಷ್ಟೋ ಸಮಾಂತರ ಗೆರೆಗಳನ್ನು ಎಳೆಯಬಹುದೆಂಬ ವಿಚಿತ್ರ ಸಂಗತಿಯನ್ನು ವಿದ್ಯಾರ್ಥಿಗಳು ಕೈಯಿಂದ ಮಡಿಸಿ ನೋಡಬಹುದಾಯಿತು. 2005ರಲ್ಲಿ ಆಸ್ಟ್ರೇಲಿಯಾ ಮೂಲದ ಅವಳಿ ಸಹೋದರಿಯರಾದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಲಾಸ್ ಏಂಜಲೀಸಿನಲ್ಲಿ ಇದೇ ಹೊಲಿಗೆಯಿಂದ ಹವಳದ ದಿಬ್ಬವೊಂದನ್ನು ಹೆಣೆಯಲು ತೊಡಗಿದರು, ಅದರಲ್ಲಿ ಪ್ಲಾಸ್ಟಿಕ್ ಕಸದ ಹವಳಗಳೂ ಇದ್ದವು. ಕಡಲಿನ ಜೀವಕ್ಕೂ ನಮ್ಮ ಕಸಕ್ಕೂ ಇರುವ ನಂಟನ್ನು ಇಷ್ಟು ನೇರವಾಗಿ ಹೇಳಿದ ಕೈಕೆಲಸ ನನಗೆ ಬೇರೊಂದು ಕಂಡಿಲ್ಲ.

ಹೀಗೆ ನೋಡಿದರೆ ಡಬ್ಬಿಯ ಮೈಯೂ ಜ್ಯಾಮಿತಿಯೇ. ಆರರ ಏರಿಕೆ ಇದ್ದಷ್ಟು ಹೊತ್ತು ಸಮತಲ. ನಿಲ್ಲಿಸಿದ ಕೂಡಲೇ ಗೋಡೆ. ತಳ ಮುಗಿದ ಮೇಲಿನ ಒಂದು ಸುತ್ತನ್ನು ಹೊಲಿಗೆಯ ಹಿಂಬದಿಯ ಎಳೆಗೆ ಮಾತ್ರ ಕ್ರೋಶಾ ಕಡ್ಡಿ ಚುಚ್ಚಿ ಹಾಕಿದರೆ ಅಂಚು ಸ್ಪಷ್ಟವಾಗಿ ಮಡಿದು ಗೋಡೆ ನೆಟ್ಟಗೆ ನಿಲ್ಲುತ್ತದೆ. ಸುತ್ತುಗಳನ್ನು ಮುಗಿಸಿ ಮುಗಿಸಿ ಜೋಡಿಸುವ ಪದ್ಧತಿಯವರಿಗೆ ಓರೆಯಾದ ಗೀಟೊಂದು ಉಳಿಯುತ್ತದೆ. ನಾನು ಸುರುಳಿಯಾಗಿ ಹೋಗುವ ಪಕ್ಷದವಳು. ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ನೂಲಿನ ಗುರುತು ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಈ ವಾರ ಆರರಿಂದ 42ರವರೆಗೆ ಏಳು ಸುತ್ತಿನ ತಳವೊಂದನ್ನು ಹಾಕಿ, ಮೇಜಿನ ಮೇಲಿಟ್ಟು ನೋಡಿ. ಇಂಚು ಅಗಲದ ಪಟ್ಟಿಗೆ 8 ಮಿ.ಮೀ. ಕಡ್ಡಿ ಸಾಕು, ಅದಕ್ಕಿಂತ ಸಣ್ಣದನ್ನು ಹಿಡಿದರೆ ಮಣಿಕಟ್ಟು ನೋಯುತ್ತದೆ.