ಕಂಟ್ರೋಲ್ ಎಫ್-ಫೈವ್ ಒತ್ತಿ ನೋಡ್ರಿ

ರಜೆಗೆ ಊರಿಗೆ ಹೋದಾಗ ಕಾಕಾನ ಅರ್ಜಿ ತುಂಬೋಕೆ ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಕೊನೆಯ ದಿನಾಂಕ ಒಂದು ವಾರ ಮುಂದೆ ಹೋಗಿದೆ ಅಂತ ಪುಟದ ಮೇಲೇ ಕೆಂಪಕ್ಷರದಲ್ಲಿತ್ತು. ಸಬ್‌ಮಿಟ್ ಒತ್ತಿದರೆ ಮಾತ್ರ 'ಅವಧಿ ಮುಗಿದಿದೆ'. ರೀಲೋಡ್ ಮಾಡಿದರೂ ಅದೇ.

"ಮುಂಜಾನಿಂದ ಹಿಂಗ ಐತ್ರಿ. ಟಿಕೋಟಾದಿಂದ ಬಂದ ಇಬ್ರನ್ನ ವಾಪಸ್ ಕಳಿಸ್ದೆ" ಅಂದ ಸೆಂಟರಿನ ಹುಡುಗ.

ಡೆವಲಪರ್ ಟೂಲ್ಸ್ ತೆರೆದೆ. ಪುಟ ಹೊಸದು, ದಿನಾಂಕ ನೋಡುವ ಸ್ಕ್ರಿಪ್ಟ್ ಹಳೆಯದು. ಅದರ ಜೊತೆ ಸರ್ವರ್ ಕಳಿಸಿದ್ದ ಸೂಚನೆ: ಮ್ಯಾಕ್ಸ್-ಏಜ್ 31536000. ಸೆಕೆಂಡುಗಳಲ್ಲಿ ಪೂರ್ತಿ ಒಂದು ವರ್ಷ. ಫೈಲಿನ ಹೆಸರು ಬದಲಾಗದ ಕಾರಣ ಬ್ರೌಸರ್ ಮತ್ತೆ ಕೇಳಲೇ ಇಲ್ಲ. 2017ರ ಹೊತ್ತಿಗೇ ಕ್ರೋಮ್ ಸಾದಾ ರೀಲೋಡ್‌ನಲ್ಲಿ ಪುಟವನ್ನಷ್ಟೇ ಹೊಸದಾಗಿ ವಿಚಾರಿಸಿ, ಉಳಿದದ್ದನ್ನು ಕ್ಯಾಶ್‌ನಿಂದಲೇ ಎತ್ತಿಕೊಳ್ಳಲು ಶುರುಮಾಡಿದೆ. ಕಂಟ್ರೋಲ್ ಎಫ್-ಫೈವ್ ಒತ್ತಿದೆ, ಅರ್ಜಿ ಹೋಯಿತು. ಕಾಕಾಗೆ ಖುಷಿ. ನನಗೆ ನಾಚಿಕೆ. ಯಾಕಂದರೆ 'ಕ್ಯಾಶ್ ಕ್ಲಿಯರ್ ಮಾಡಿ ನೋಡಿ' ಅಂತ ಉತ್ತರ ಬರೆದು ಎಷ್ಟೋ ಟಿಕೆಟ್ ಮುಚ್ಚಿದವನು ನಾನೂ ಹೌದು.

ನನ್ನ ತಕರಾರು ಆ ಉತ್ತರದ ಮೇಲೇ. ನಾವು ಇನ್‌ಕಾಗ್ನಿಟೋದಲ್ಲಿ ಟೆಸ್ಟ್ ಮಾಡಿ 'ನನ್ನ ಮಷೀನಿನಲ್ಲಿ ಸರಿ ಇದೆ' ಅಂತೀವಿ. ಆದರೆ ಈ ತಪ್ಪಿನ ಏಟು ಹೊಸಬರಿಗಲ್ಲ, ದಿನಾ ಬರುವವರಿಗೆ. ಫೋನಿನಲ್ಲಿ ಎಫ್-ಫೈವ್ ಎಲ್ಲಿದೆ ಸ್ವಾಮಿ? ಒಂದು ವರ್ಷ ಇಟ್ಟುಕೋ ಅಂತ ಒಮ್ಮೆ ಹೇಳಿ ಕಳಿಸಿದ ಮೇಲೆ, ಆ ಮಾತನ್ನು ಸರ್ವರ್‌ನಿಂದ ಹಿಂದಕ್ಕೆ ಪಡೆಯೋದು ಸುಲಭವಲ್ಲ. ಫೈಲಿನ ವಿಳಾಸ ಬದಲಿಸೋದೇ ನಂಬಿಕಸ್ಥ ದಾರಿ.

ಪೆಟ್ಟು ತಿಂದವರು ಇನ್ನೊಂದು ತುದಿಗೆ ಓಡ್ತಾರೆ: ಎಲ್ಲದಕ್ಕೂ ನೋ-ಸ್ಟೋರ್. ಆಗ ಬದಲಾಗದ ಲೋಗೋ, ಫಾಂಟ್ ಕೂಡ ಪ್ರತಿ ಸಲ ಇಳಿಯುತ್ತೆ. ಬೆಂಗಳೂರಿನ ವೈಫೈನಲ್ಲಿ ಇದು ಗೊತ್ತಾಗಲ್ಲ, ನಮ್ಮೂರಿನ ಎರಡು ಕಡ್ಡಿ ಸಿಗ್ನಲ್‌ನಲ್ಲಿ ಗೊತ್ತಾಗುತ್ತೆ.

ಸರಿಯಾದ ದಾರಿ ಹೊಸದೇನಲ್ಲ. ಸ್ಕ್ರಿಪ್ಟಿನ ಹೆಸರಲ್ಲೇ ಅದರ ಒಳಗಿನದಕ್ಕೆ ತಕ್ಕ ಹ್ಯಾಶ್ ಸೇರಿಸಿ. ಬಿಲ್ಡ್ ಟೂಲ್ ತಾನೇ ಮಾಡುತ್ತೆ. ಆಮೇಲೆ ಧೈರ್ಯವಾಗಿ ಒಂದು ವರ್ಷ, ಜೊತೆಗೆ ಇಮ್ಯೂಟಬಲ್ ಅನ್ನಿ. ಆದರೆ ಎಚ್‌ಟಿಎಂಎಲ್ ಪುಟಕ್ಕೆ ನೋ-ಕ್ಯಾಶ್ ಇರಲಿ. ಹೆಸರು ಕೇಳಿ ಮೋಸ ಹೋಗಬೇಡಿ. ಅದರರ್ಥ ಇಟ್ಟುಕೊಳ್ಳಬೇಡ ಅಂತಲ್ಲ, ಬಳಸುವ ಮುಂಚೆ ನನ್ನನ್ನು ಕೇಳು ಅಂತ. ಬದಲಾಗಿಲ್ಲದಿದ್ದರೆ ಸರ್ವರ್ 304 ಅಂತ ಚುಟುಕಾಗಿ ಹೇಳಿ ಕಳಿಸುತ್ತೆ. ಇನ್ನು, ದಿನಾಂಕ ಮುಗಿದಿದೆಯಾ ಅನ್ನೋ ತೀರ್ಮಾನ ಸರ್ವರ್‌ನದ್ದೇ ಆಗಿರಬೇಕು, ಯಾರದೋ ಕಂಪ್ಯೂಟರಿನ ಹಳೇ ಸ್ಕ್ರಿಪ್ಟಿನದ್ದಲ್ಲ.

ಹೊಸ ಹೆಸರು ಬಂತು ಅಂತ ಹಳೇ ಫೈಲನ್ನು ತಕ್ಷಣ ಅಳಿಸಬೇಡಿ. ನಿನ್ನೆ ತೆರೆದಿಟ್ಟ ಪುಟ ಅದನ್ನೇ ಕೇಳಬಹುದು. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು. ಕಾಕಾ ಇವತ್ತಿಗೂ "ಬಿಜಾಪುರ ಒಂದು ಕೊಡ್ರಿ" ಅಂತಾನೆ, ಕಂಡಕ್ಟರ್ ಸುಮ್ಮನೆ ಟಿಕೆಟ್ ಹರೀತಾನೆ.

ವಾಪಸ್ ಹೋದ ಆ ಇಬ್ಬರು ಮತ್ತೆ ಬಂದರೋ ಇಲ್ವೋ, ಹುಡುಗನಿಗೂ ಗೊತ್ತಿರಲಿಲ್ಲ. ಅವರು ಯಾವ ಟಿಕೆಟ್ಟೂ ರೈಸ್ ಮಾಡಿರಲ್ಲ.